ಹೆರಿಗೆಯ ಭಂಗಿ ಮತ್ತು ಹೆರಿಗೆಯ ಗಾಯಗಳು: ಎಂಟನೇ ತಿಂಗಳಿನಿಂದ ಬಾಣಂತನದವರೆಗೆ ತಿಳಿದಿರಬೇಕಾದ ಕ್ರಮ

ಕರ್ನಾಟಕದಲ್ಲಿ ಈಗ ಶೇ 97ರಷ್ಟು ಹೆರಿಗೆಗಳು ಆಸ್ಪತ್ರೆಗಳಲ್ಲೇ ಆಗುತ್ತವೆ ಎಂದು 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ತಿಳಿಸುತ್ತದೆ. ತಾಯಂದಿರ ಮತ್ತು ಹಸುಗೂಸುಗಳ ಜೀವ ಉಳಿಸಿದ ಬದಲಾವಣೆ ಇದು. ಹೆರಿಗೆ ಆಸ್ಪತ್ರೆಗೆ ಬಂದಾಗ ಅದರೊಂದಿಗೆ ಒಂದು ರೂಢಿಯೂ ಬಂದಿತು. ಹೆರುವವಳು ಎತ್ತರದ, ಕಿರಿದಾದ ಮೇಜಿನ ಮೇಲೆ ಅಂಗಾತ ಮಲಗಬೇಕು, ಕಾಲುಗಳನ್ನು ಎರಡೂ ಬದಿಯ ಆಸರೆಗಳ ಮೇಲೆ ಏರಿಸಬೇಕು, ಅದೇ ಸ್ಥಿತಿಯಲ್ಲಿ ಮುಕ್ಕಬೇಕು. ವೈದ್ಯರು ಇದನ್ನು ಲಿಥಾಟಮಿ ಭಂಗಿ ಎನ್ನುತ್ತಾರೆ. ಹೊಲಿಗೆ ಹಾಕಲು, ಮಗುವನ್ನು ಎಳೆದು ಹೊರತೆಗೆಯುವ ಉಪಕರಣಗಳಾದ ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಬಳಸಲು, ರಕ್ತ ಎಲ್ಲಿಂದ ಬರುತ್ತಿದೆ ಎಂದು ಹುಡುಕಲು ಈ ಭಂಗಿ ಬೇಕೇ ಬೇಕು. ಆದರೆ ತೊಡಕಿಲ್ಲದ ಪ್ರತಿಯೊಂದು ಹೆರಿಗೆಯೂ ಮೊದಲಿನಿಂದ ಕೊನೆಯವರೆಗೆ ಹೀಗೆಯೇ ಆಗಬೇಕು ಎಂಬುದಕ್ಕೆ ವೈದ್ಯಕೀಯ ಆಧಾರವಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯು 2018ರಲ್ಲಿ ಹೊರತಂದ ಹೆರಿಗೆ ಆರೈಕೆಯ ಶಿಫಾರಸುಗಳು ಈ ವಿಷಯದಲ್ಲಿ ಸ್ಪಷ್ಟವಾಗಿವೆ. ಎಪಿಡ್ಯೂರಲ್ (ಬೆನ್ನಿಗೆ ಚುಚ್ಚಿ ಕೊಡುವ ನೋವು ನಿವಾರಕ) ಪಡೆದಿರಲಿ, ಪಡೆಯದಿರಲಿ, ನೆಟ್ಟಗಿನ ಭಂಗಿಗಳೂ ಸೇರಿದಂತೆ ತನಗೆ ಒಗ್ಗುವ ಭಂಗಿಯನ್ನು ಆರಿಸಿಕೊಳ್ಳಲು ಹೆರುವವಳನ್ನು ಪ್ರೋತ್ಸಾಹಿಸಬೇಕು ಎಂದು ಅವು ಹೇಳುತ್ತವೆ. ಹಾಗೆಂದು ಎಲ್ಲ ಗಾಯಗಳನ್ನೂ ತಪ್ಪಿಸುವ ಒಂದೇ ಒಂದು ಭಂಗಿ ಇದೆಯೆಂದು ಯಾರಾದರೂ ಹೇಳಿದರೆ ಅದನ್ನೂ ನಂಬಬಾರದು. ಒಂದು ಅಪಾಯವನ್ನು ತಗ್ಗಿಸುವ ಭಂಗಿ ಇನ್ನೊಂದನ್ನು ಸ್ವಲ್ಪ ಹೆಚ್ಚಿಸಬಹುದು. ಕಾಪಾಡುವುದು ಭಂಗಿಯನ್ನು ಬದಲಿಸುವ ಸ್ವಾತಂತ್ರ್ಯ ಮತ್ತು ಯಾವಾಗ ಯಾವುದು ಸರಿ ಎಂಬ ತಿಳಿವಳಿಕೆ. ಈ ಲೇಖನ ಬಸುರಿಯರಿಗೆ, ಹೆರಿಗೆ ಕೋಣೆಯಲ್ಲಿ ಅವರ ಪಕ್ಕದಲ್ಲಿ ನಿಲ್ಲುವ ತಾಯಿ, ಅಕ್ಕ, ಅತ್ತೆ, ಗಂಡಂದಿರಿಗೆ ಆ ತಿಳಿವಳಿಕೆಯನ್ನು ಹಂತಹಂತವಾಗಿ ಕೊಡಲು ಬರೆದದ್ದು. ಇದು ವೈದ್ಯರ ಸಲಹೆಗೆ ಬದಲಿಯಲ್ಲ.

ಮೊದಲ ಹೆಜ್ಜೆ: ಯಾವ ಗಾಯಗಳು, ಭಂಗಿಗೂ ಅವಕ್ಕೂ ಏನು ನಂಟು

ತಾಯಿಗೆ ಆಗುವ ಗಾಯಗಳಲ್ಲಿ ಸಾಮಾನ್ಯವಾದದ್ದು ಯೋನಿದ್ವಾರಕ್ಕೂ ಗುದದ್ವಾರಕ್ಕೂ ನಡುವಿನ ಭಾಗ ಹರಿಯುವುದು. ಇದನ್ನು ನಾಲ್ಕು ದರ್ಜೆಗಳಲ್ಲಿ ಅಳೆಯುತ್ತಾರೆ. ಮೊದಲನೆಯದು ಚರ್ಮದ ಮಟ್ಟಿಗೆ ಮಾತ್ರ. ಎರಡನೆಯದರಲ್ಲಿ ಒಳಗಿನ ಸ್ನಾಯುವೂ ಹರಿಯುತ್ತದೆ. ಮೂರನೆಯದು ಮಲವನ್ನು ಹಿಡಿದಿಡುವ ಗುದದ್ವಾರದ ಬಿಗಿಸ್ನಾಯುವನ್ನು ಮುಟ್ಟುತ್ತದೆ. ನಾಲ್ಕನೆಯದು ಗುದನಾಳದ ಒಳಪದರವನ್ನೂ ದಾಟುತ್ತದೆ. ಮೊದಲ ಎರಡು ಹೆಚ್ಚಾಗಿ ಚೆನ್ನಾಗಿ ಮಾಯುತ್ತವೆ. ನಾವು ಹೆದರಬೇಕಾದದ್ದು ಕೊನೆಯ ಎರಡಕ್ಕೆ, ಏಕೆಂದರೆ ಸರಿಯಾಗಿ ಗುರುತಿಸಿ ಹೊಲಿಯದಿದ್ದರೆ ಗಾಳಿ ಅಥವಾ ಮಲದ ಮೇಲಿನ ಹಿಡಿತ ವರ್ಷಗಟ್ಟಲೆ ತಪ್ಪಬಹುದು, ಮತ್ತು ನಮ್ಮ ಹೆಂಗಸರು ಇದನ್ನು ನಾಚಿಕೆಯಿಂದ ಯಾರಿಗೂ ಹೇಳದೆ ಸಹಿಸುತ್ತಾರೆ.

ಇದಲ್ಲದೆ ತೊಡೆಯ ಮತ್ತು ಮೊಣಕಾಲಿನ ನರಗಳು ಒತ್ತಿಹೋಗಿ ಕಾಲು ಜೋಮು ಹಿಡಿಯಬಹುದು, ಪಾದ ಜೋತುಬೀಳಬಹುದು. ಅಮೆರಿಕದಲ್ಲಿ ಸುಮಾರು 6,000 ಬಾಣಂತಿಯರನ್ನು ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಶೇ 1ಕ್ಕೆ ಹತ್ತಿರದಷ್ಟು ಮಂದಿಗೆ ಇಂಥ ನರದ ತೊಂದರೆ ಕಂಡುಬಂತು. ಚೊಚ್ಚಲ ಹೆರಿಗೆಯವರಲ್ಲಿ, ಮುಕ್ಕುವ ಹಂತದಲ್ಲಿ ಕಾಲುಗಳನ್ನು ಬಹಳ ಹೊತ್ತು ಮಡಚಿ ಅರೆ ಮಲಗಿದ್ದವರಲ್ಲಿ ಇದು ಹೆಚ್ಚಾಗಿ ಕಂಡುಬಂತು. ಬಾಲದ ಮೂಳೆಗೆ ಪೆಟ್ಟಾಗುವುದು, ಕಾಲುಗಳನ್ನು ಮಿತಿಮೀರಿ ಅಗಲಿಸಿದಾಗ ಸೊಂಟದ ಮೂಳೆಗಳು ಮುಂದೆ ಕೂಡುವ ಕೀಲು ಸಡಿಲಗೊಳ್ಳುವುದು ಇವು ಅಪರೂಪವಾದರೂ ತುಂಬ ನೋಯಿಸುವಂಥವು.

ಮಗುವಿನ ಗಾಯಗಳೆಂದರೆ ಮುಖ್ಯವಾಗಿ ಕೊರಳ ಬುಡದಿಂದ ತೋಳಿಗೆ ಹೋಗುವ ನರಗಳ ಗುಚ್ಛ ಎಳೆತಕ್ಕೆ ಸಿಲುಕುವುದು, ಕೊರಳೆಲುಬು (ಕಾಲರ್ ಬೋನ್) ಮುರಿಯುವುದು, ವ್ಯಾಕ್ಯೂಮ್ ಅಥವಾ ಫೋರ್ಸೆಪ್ಸ್ ಬಳಸಿದಾಗ ನೆತ್ತಿಯಲ್ಲಿ ರಕ್ತ ಹೆಪ್ಪುಗಟ್ಟುವುದು ಅಥವಾ ಮುಖದ ನರಕ್ಕೆ ಪೆಟ್ಟಾಗುವುದು. ಇವುಗಳಲ್ಲಿ ಹಲವಕ್ಕೆ ಭಂಗಿ ನೇರ ಕಾರಣವಲ್ಲ. ಆದರೆ ಉಪಕರಣ ಬಳಸಬೇಕಾದ ಸಂದರ್ಭ ಕಡಿಮೆಯಾದರೆ ಉಪಕರಣದ ಗಾಯಗಳೂ ಕಡಿಮೆಯಾಗುತ್ತವೆ, ಮತ್ತು ಭಂಗಿ ಕೆಲಸ ಮಾಡುವುದು ಬಹುಮಟ್ಟಿಗೆ ಈ ದಾರಿಯಲ್ಲೇ.

ಅದರ ಹಿಂದಿನ ಕಾರಣ ಸರಳ. ಅಂಗಾತ ಮಲಗಿದಾಗ ಬೆನ್ನುಬುಡದ ಮೂಳೆ ಮತ್ತು ಬಾಲದ ಮೂಳೆ ಮೈಭಾರದಡಿ ಸಿಕ್ಕಿಕೊಳ್ಳುತ್ತವೆ; ಮಗು ಇಳಿಯುವಾಗ ಹಿಂದಕ್ಕೆ ಸರಿದು ಜಾಗ ಕೊಡಬೇಕಾದ ಮೂಳೆಗಳು ಇವೇ. ಅಷ್ಟೇ ಅಲ್ಲ, ತುಂಬಿದ ಗರ್ಭಕೋಶ ಬೆನ್ನೆಲುಬಿನ ಮುಂದೆ ಹಾಯುವ ದೊಡ್ಡ ರಕ್ತನಾಳಗಳನ್ನು ಅದುಮುತ್ತದೆ. ತಾಯಿಗೆ ತಲೆ ಸುತ್ತುತ್ತದೆ, ಮಾಸಿಗೆ ರಕ್ತ ಹರಿಯುವುದು ತಗ್ಗುತ್ತದೆ, ಮಗುವಿನ ಎದೆಬಡಿತ ಏರುಪೇರಾಗುತ್ತದೆ. ಎದೆಬಡಿತ ಏರುಪೇರಾದಾಗ ಬೇಗ ಹೊರತೆಗೆಯುವ ಅವಸರ ಹುಟ್ಟುತ್ತದೆ. ಯೋನಿದ್ವಾರದ ಕೆಳಭಾಗವನ್ನು ಕತ್ತರಿಯಿಂದ ಕೊಯ್ಯುವುದು, ಮಗುವನ್ನು ಉಪಕರಣದಿಂದ ಎಳೆಯುವುದು ಆ ಅವಸರದ ಮುಂದಿನ ಹೆಜ್ಜೆಗಳು.

ಎರಡನೆಯ ಹೆಜ್ಜೆ: ಎಂಟನೇ ತಿಂಗಳಲ್ಲೇ ಆಸ್ಪತ್ರೆಯವರೊಂದಿಗೆ ಮಾತನಾಡಿ

ನೋವು ಬಂದ ಮೇಲೆ ಚರ್ಚೆ ಸಾಧ್ಯವಿಲ್ಲ. 32ರಿಂದ 36 ವಾರಗಳ ನಡುವಿನ ತಪಾಸಣೆಗೆ ಹೋದಾಗ ಈ ಮಾತುಗಳನ್ನು ಕೇಳಿ, ಉತ್ತರಗಳನ್ನು ತಾಯಿ ಕಾರ್ಡಿನ ಜೊತೆ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನೋವಿನ ಹೊತ್ತಿನಲ್ಲಿ ಓಡಾಡಲು ಬಿಡುತ್ತೀರಾ? ಮುಕ್ಕುವಾಗ ಮಗ್ಗುಲಾಗಿ ಮಲಗಬಹುದೇ, ಮಂಡಿಯೂರಬಹುದೇ? ಎಲ್ಲರಿಗೂ ಕೊಯ್ಯುತ್ತೀರಾ, ಅಗತ್ಯ ಬಿದ್ದರೆ ಮಾತ್ರವೇ? ಹೊಟ್ಟೆಯ ಮೇಲಿಂದ ಒತ್ತುವ ರೂಢಿ ಇದೆಯೇ? ಜೊತೆಗೆ ಯಾರನ್ನು ಬಿಡುತ್ತೀರಿ?

ಕೇಳುವ ಧಾಟಿ ಮುಖ್ಯ. “ಮೇಡಂ, ನನಗೆ ತೊಂದರೆ ಏನೂ ಇಲ್ಲದಿದ್ದರೆ ಎಡಮಗ್ಗುಲಾಗಿ ಮಲಗಿ ಹೆರಲು ಇಷ್ಟ. ಅಗತ್ಯ ಬಿದ್ದರೆ ನೀವು ಹೇಳಿದಂತೆ ತಕ್ಷಣ ತಿರುಗುತ್ತೇನೆ” ಎಂದು ಹೇಳಿದರೆ ಹೆಚ್ಚಿನ ವೈದ್ಯರು ಕಿವಿಗೊಡುತ್ತಾರೆ. ಒಬ್ಬಳೇ ಸಿಸ್ಟರ್ ಹಲವರನ್ನು ನೋಡಿಕೊಳ್ಳುವ ವಾರ್ಡಿನಲ್ಲಿ ಅವರಿಗೂ ಕಷ್ಟಗಳಿವೆ. ಬೇರೆ ಭಂಗಿಗಳಲ್ಲಿ ಹೆರಿಗೆ ಮಾಡಿಸುವ ತರಬೇತಿ ಎಲ್ಲರಿಗೂ ಸಿಕ್ಕಿರುವುದಿಲ್ಲ. ಆದ್ದರಿಂದ ಇಡೀ ಹೆರಿಗೆಯನ್ನು ಕುಕ್ಕರಗಾಲಿನಲ್ಲೇ ಮಾಡಿಸಿ ಎಂದು ಹಟ ಹಿಡಿಯುವ ಬದಲು ಮಗ್ಗುಲ ಭಂಗಿಯನ್ನು ಕೇಳುವುದು ಒಳ್ಳೆಯದು. ಅದಕ್ಕೆ ಬೇರೆ ಸಲಕರಣೆ ಬೇಡ, ಅದೇ ಮೇಜಿನ ಮೇಲೆ ಆಗುತ್ತದೆ.

ಸರಕಾರಿ ಆಸ್ಪತ್ರೆಗೆ ಹೋಗುವವರು ಎರಡು ವಿಷಯ ತಿಳಿದಿರಬೇಕು. ಕೇಂದ್ರ ಸರಕಾರ 2017ರ ಡಿಸೆಂಬರ್‌ನಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮವು ಹೆರಿಗೆ ಕೋಣೆಗಳ ಗುಣಮಟ್ಟಕ್ಕೆಂದೇ ಇರುವಂಥದ್ದು; ಹೆರುವವಳಿಗೆ ಒಗ್ಗುವ ಭಂಗಿ, ಖಾಸಗಿತನ, ಜೊತೆಗಾತಿ ಇವನ್ನು ಅದು ಗೌರವಯುತ ಆರೈಕೆಯ ಭಾಗವೆಂದು ಪರಿಗಣಿಸುತ್ತದೆ. 2016ರಲ್ಲಿ ಹೊರಟ ಜೊತೆಗಾತಿಯ ಕುರಿತ ಮಾರ್ಗಸೂಚಿಯ ಪ್ರಕಾರ, ತಾನೂ ಹೆರಿಗೆ ಕಂಡಿರುವ ಹೆಂಗಸೊಬ್ಬಳು ಜೊತೆಗಿರುವುದು ಲೇಸು. ಮರೆ ಇರುವ ಕೋಣೆಗಳಲ್ಲಿ ಗಂಡನನ್ನೂ ಬಿಡಬಹುದು. 2018ರ ಡಿಸೆಂಬರ್‌ನಲ್ಲಿ ಬಂದ ಶುಶ್ರೂಷಾ ಸೂಲಗಿತ್ತಿಯರ ಮಾರ್ಗಸೂಚಿಯು ದಾದಿಯರಿಗೆ 18 ತಿಂಗಳ ವಿಶೇಷ ತರಬೇತಿ ಕೊಟ್ಟು, ತೊಡಕಿಲ್ಲದ ಹೆರಿಗೆಗಳನ್ನು ಅವರ ಕೈಗೆ ಒಪ್ಪಿಸುವ ಉದ್ದೇಶದ್ದು. ಪಾವಗಡ ಸೀಮೆಯ ಸೂಲಗಿತ್ತಿ ನರಸಮ್ಮನವರಿಗೆ ಪದ್ಮಶ್ರೀ ಬಂದದ್ದೂ ಅದೇ ವರ್ಷ. ಹಳ್ಳಿಯ ಸೂಲಗಿತ್ತಿಯರ ಕೈಗುಣ ಮತ್ತು ಆಸ್ಪತ್ರೆಯ ತರಬೇತಿ ಎರಡೂ ಒಂದಾದ ಇಂಥ ದಾದಿ ನಿಮ್ಮ ಆಸ್ಪತ್ರೆಯಲ್ಲಿದ್ದರೆ ಅವರನ್ನು ಮೊದಲೇ ಭೇಟಿಯಾಗಿ.

ನಿಮ್ಮ ರಕ್ತದ ಮಟ್ಟವನ್ನೂ ಇದೇ ಹೊತ್ತಿನಲ್ಲಿ ನೋಡಿಸಿಕೊಳ್ಳಬೇಕು. ಇದರ ಸಂಬಂಧ ಭಂಗಿಯೊಂದಿಗೆ ಏನೆಂಬುದು ಮುಂದೆ ಬರುತ್ತದೆ.

ಮೂರನೆಯ ಹೆಜ್ಜೆ: ಮನೆಯಲ್ಲಿ ಅಭ್ಯಾಸ

ಅಭ್ಯಾಸವಿಲ್ಲದ ಭಂಗಿಯನ್ನು ನೋವಿನ ನಡುವೆ ಮೈ ಒಪ್ಪುವುದಿಲ್ಲ. ನಮ್ಮ ಅಜ್ಜಿಯಂದಿರು ಕುಕ್ಕರಗಾಲಿನಲ್ಲಿ ಕೂತು ಪಾತ್ರೆ ತೊಳೆದವರು, ಗದ್ದೆಯಲ್ಲಿ ಬಗ್ಗಿ ನಾಟಿ ಮಾಡಿದವರು. ಕುರ್ಚಿ, ಸೋಫಾ, ಕಮೋಡಿಗೆ ಒಗ್ಗಿಕೊಂಡ ಇಂದಿನ ಮೈಗೆ ಎರಡು ನಿಮಿಷ ಹಾಗೆ ಕೂರುವುದೇ ಕಷ್ಟ. ವೈದ್ಯರು ಬೇಡವೆನ್ನದಿದ್ದರೆ ಕೊನೆಯ ಎರಡು ತಿಂಗಳು ದಿನವೂ ಸ್ವಲ್ಪ ಹೊತ್ತು ಗೋಡೆ ಅಥವಾ ಕಿಟಕಿಯ ಸರಳು ಹಿಡಿದು ಕುಕ್ಕರಗಾಲಿನಲ್ಲಿ ಕೂತು ಏಳುವುದು, ಚಾಪೆಯ ಮೇಲೆ ಮಂಡಿ ಮತ್ತು ಅಂಗೈ ಊರಿ ಸೊಂಟವನ್ನು ನಿಧಾನವಾಗಿ ತೂಗುವುದು, ಎಡಮಗ್ಗುಲಾಗಿ ಮಲಗಿ ಮೇಲಿನ ಕಾಲನ್ನು ದಿಂಬಿನ ಮೇಲೆ ಇರಿಸುವುದು ಇವನ್ನು ರೂಢಿಸಿಕೊಳ್ಳಿ. ಮಾಸು ಕೆಳಗಿರುವವರು, ರಕ್ತಸ್ರಾವವಾದವರು, ಅವಧಿಗೆ ಮೊದಲೇ ನೋವು ಬರುವ ಸಂಭವವಿದೆ ಎಂದು ಹೇಳಿಸಿಕೊಂಡವರು ಕೇಳದೆ ಮಾಡಬಾರದು.

ಚೊಚ್ಚಲ ಬಸುರಿಯರು 34–35ನೇ ವಾರದಿಂದ ವಾರಕ್ಕೆ ಒಂದೆರಡು ಬಾರಿ ಯೋನಿದ್ವಾರದ ಕೆಳಭಾಗವನ್ನು ಶುದ್ಧ ಎಣ್ಣೆ ಹಚ್ಚಿದ ಬೆರಳಿಂದ ಮೃದುವಾಗಿ ತಿಕ್ಕಿ ಹಿಗ್ಗಿಸುವುದರಿಂದ ಹೊಲಿಗೆ ಬೇಕಾಗುವ ಗಾಯ ಕಡಿಮೆಯಾಗುತ್ತದೆ ಎಂದು ಪ್ರಯೋಗಗಳಲ್ಲಿ ಕಂಡುಬಂದಿದೆ. ಕೈ ತೊಳೆದು, ಉಗುರು ಕತ್ತರಿಸಿ ಮಾಡಬೇಕು. ಸೋಂಕು ಇದ್ದಾಗ, ನೀರು ಹೋದ ಮೇಲೆ ಮಾಡಬಾರದು.

ನಾಲ್ಕನೆಯ ಹೆಜ್ಜೆ: ಗರ್ಭಕೋಶದ ಬಾಯಿ ತೆರೆಯುವವರೆಗೆ

ಈ ಹಂತದಲ್ಲಿ ಗೊಂದಲಕ್ಕೆ ಎಡೆಯೇ ಇಲ್ಲ. ಓಡಾಡಿ. ನಿಂತು, ನಡೆದು, ಕೂತು ಕಳೆದವರ ಮೊದಲ ಹಂತ ಮಲಗಿ ಕಳೆದವರಿಗಿಂತ ಸರಾಸರಿ ಒಂದು ಗಂಟೆಗಿಂತಲೂ ಹೆಚ್ಚು ಹೊತ್ತು ಬೇಗ ಮುಗಿಯಿತು, ಸಿಸೇರಿಯನ್ ಕೂಡ ಕಡಿಮೆಯಾಯಿತು ಎಂದು 5,000ಕ್ಕೂ ಹೆಚ್ಚು ಹೆಂಗಸರ ಮೇಲೆ ನಡೆದ ಪ್ರಯೋಗಗಳನ್ನು ಒಟ್ಟುಗೂಡಿಸಿದ 2013ರ ಕೊಕ್ರೇನ್ (ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ಪರಿಶೀಲಿಸುವ ಅಂತರರಾಷ್ಟ್ರೀಯ ಸಂಸ್ಥೆ) ವಿಮರ್ಶೆ ತೋರಿಸಿತು.

ನೋವು ಬಂದಾಗ ಗೋಡೆಗೆ ಅಥವಾ ಜೊತೆಗಾತಿಯ ಹೆಗಲಿಗೆ ಒರಗಿ ಸೊಂಟವನ್ನು ಅತ್ತಿತ್ತ ತೂಗಿ. ನೋವು ಬಿಟ್ಟಾಗ ಕುರ್ಚಿಯಲ್ಲಿ ಹಿಂದುಮುಂದಾಗಿ ಕೂತು ಅದರ ಬೆನ್ನಿಗೆ ತಲೆಯಿಟ್ಟು ವಿಶ್ರಾಂತಿ ಪಡೆಯಿರಿ. ನೀರು, ಗಂಜಿ, ಎಳನೀರು ಕುಡಿಯಲು ವೈದ್ಯರು ಅನುಮತಿಸಿದ್ದರೆ ಗುಟುಕು ಗುಟುಕಾಗಿ ಕುಡಿಯಿರಿ. ಮೂತ್ರಕೋಶವನ್ನು ಆಗಾಗ ಖಾಲಿ ಮಾಡಿ, ತುಂಬಿದ ಮೂತ್ರಕೋಶ ಮಗು ಇಳಿಯುವ ದಾರಿಗೆ ಅಡ್ಡ. ಇಡೀ ರಾತ್ರಿ ನಡೆದು ದಣಿಯುವುದೂ ತಪ್ಪೇ. ಮುಕ್ಕುವ ಹೊತ್ತಿಗೆ ಶಕ್ತಿ ಉಳಿದಿರಬೇಕು. ಮಲಗುವಿರಾದರೆ ಎಡಮಗ್ಗುಲಾಗಿ ಮಲಗಿ, ಅಂಗಾತ ಬೇಡ. ಕೈಗೆ ಡ್ರಿಪ್ ಹಾಕಿದ್ದರೂ, ಹೊಟ್ಟೆಗೆ ಎದೆಬಡಿತ ನೋಡುವ ಪಟ್ಟಿ ಕಟ್ಟಿದ್ದರೂ ಮಂಚದ ಪಕ್ಕ ನಿಲ್ಲುವುದು, ಕೂರುವುದು, ಮಗ್ಗುಲು ಬದಲಿಸುವುದು ಬಹುತೇಕ ಸಾಧ್ಯ, “ಸಿಸ್ಟರ್, ಈ ತಂತಿ ಸರಿಮಾಡಿ ಕೂರಬಹುದೇ?” ಎಂದು ಕೇಳಿ.

ಮಗುವಿನ ಬೆನ್ನು ತಾಯಿಯ ಬೆನ್ನಿನ ಕಡೆಗಿದ್ದರೆ ಸೊಂಟದಲ್ಲಿ ಸೀಳುವಂಥ ನೋವು ಬರುತ್ತದೆ. ಆಗ ಮಂಡಿ-ಅಂಗೈ ಊರಿದ ಭಂಗಿ ಬೆನ್ನುನೋವನ್ನು ತಗ್ಗಿಸುತ್ತದೆ. ಮಗು ಅದರಿಂದ ಖಂಡಿತ ತಿರುಗುತ್ತದೆ ಎಂದು ಭರವಸೆ ಕೊಡಲಾಗದು, ಆದರೆ ನೋವು ತಗ್ಗುವುದೇ ಸಾಕಷ್ಟು ದೊಡ್ಡ ಲಾಭ.

ಓಡಾಡಬಾರದ ಸಂದರ್ಭಗಳಿವೆ. ರಕ್ತದೊತ್ತಡ ತೀರಾ ಏರಿ, ಫಿಟ್ಸ್ ತಡೆಯುವ ಮೆಗ್ನೀಸಿಯಂ ಸಲ್ಫೇಟ್ ಕೊಡುತ್ತಿರುವಾಗ, ಹೆಚ್ಚು ರಕ್ತ ಹೋಗುತ್ತಿರುವಾಗ, ಮಗುವಿನ ತಲೆ ಇನ್ನೂ ಮೇಲಿದ್ದು ನೀರು ಒಡೆದಾಗ ವೈದ್ಯರು ಮಲಗಿರಿ ಎಂದರೆ ಮಲಗಬೇಕು. ನೀರು ಒಡೆದ ಮೇಲೆ ಹೊಕ್ಕುಳಬಳ್ಳಿ ಹೊರಗೆ ಜಾರಿ ಕಂಡರೆ ಅದನ್ನು ಮುಟ್ಟದೆ, ಮಂಡಿಯೂರಿ ಎದೆಯನ್ನು ಹಾಸಿಗೆಗೆ ತಾಗಿಸಿ ಸೊಂಟವನ್ನು ಎತ್ತರಿಸಿಟ್ಟು ಕೂಗಿ ಕರೆಯಬೇಕು. ಆ ಭಂಗಿಯಲ್ಲಿ ಮಗುವಿನ ತಲೆ ಬಳ್ಳಿಯನ್ನು ಅದುಮುವುದು ತಗ್ಗುತ್ತದೆ.

ಐದನೆಯ ಹೆಜ್ಜೆ: ಮುಕ್ಕುವ ಹೊತ್ತಿನ ಭಂಗಿ

ಗಾಯಗಳ ದೃಷ್ಟಿಯಿಂದ ನಿರ್ಣಾಯಕವಾದ ಹಂತ ಇದು, ಮತ್ತು ಇಲ್ಲಿ ಲಾಭನಷ್ಟ ಎರಡೂ ಇವೆ. ಎಪಿಡ್ಯೂರಲ್ ಪಡೆಯದ 9,000ಕ್ಕೂ ಹೆಚ್ಚು ಹೆಂಗಸರ ಪ್ರಯೋಗಗಳನ್ನು ಒಟ್ಟುಮಾಡಿದ 2017ರ ಕೊಕ್ರೇನ್ ವಿಮರ್ಶೆಯ ಪ್ರಕಾರ, ನೆಟ್ಟಗಿನ ಭಂಗಿಗಳಲ್ಲಿ ವ್ಯಾಕ್ಯೂಮ್ ಮತ್ತು ಫೋರ್ಸೆಪ್ಸ್ ಬಳಕೆ ಸುಮಾರು ಕಾಲುಭಾಗದಷ್ಟು ಕಡಿಮೆ, ಕೊಯ್ಯುವುದೂ ಕಾಲುಭಾಗದಷ್ಟು ಕಡಿಮೆ, ಮಗುವಿನ ಎದೆಬಡಿತದ ಏರುಪೇರು ಅರ್ಧಕ್ಕಿಂತ ಕಡಿಮೆ. ಇನ್ನೊಂದು ಕಡೆ, ಎರಡನೇ ದರ್ಜೆಯ ಹರಿದ ಗಾಯ ಸುಮಾರು ಶೇ 20ರಷ್ಟು ಹೆಚ್ಚು, ಅರ್ಧ ಲೀಟರಿಗಿಂತ ಹೆಚ್ಚು ರಕ್ತ ಹೋಗುವ ಸಂಭವ ಸುಮಾರು ಒಂದೂವರೆ ಪಟ್ಟು. ಮೂರು ಮತ್ತು ನಾಲ್ಕನೇ ದರ್ಜೆಯ ಗಾಯಗಳಲ್ಲಿ ಸ್ಪಷ್ಟ ವ್ಯತ್ಯಾಸ ಕಾಣಲಿಲ್ಲ.

ಈ ಲೆಕ್ಕವನ್ನು ಓದುವಾಗ ಕೊಯ್ಯುವುದೂ ಒಂದು ಗಾಯವೇ ಎಂಬುದನ್ನು ಮರೆಯಬಾರದು. ಕತ್ತರಿಯ ಗಾಯ ಕನಿಷ್ಠ ಎರಡನೇ ದರ್ಜೆಯಷ್ಟು ಆಳದ್ದು. ತಾನಾಗಿ ಹರಿದ ಎರಡನೇ ದರ್ಜೆಯ ಗಾಯ ಸ್ವಲ್ಪ ಹೆಚ್ಚಿ, ಕೊಯ್ತ ಕಡಿಮೆಯಾದರೆ ತಾಯಿಗೆ ಒಟ್ಟಾರೆ ನಷ್ಟವಾಯಿತು ಎನ್ನಲಾಗದು. ಎಲ್ಲರಿಗೂ ರೂಢಿಯಾಗಿ ಕೊಯ್ಯುವುದನ್ನು ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುವುದಿಲ್ಲ.

ರಕ್ತದ ಮಾತು ಬೇರೆ. ನೆಟ್ಟಗಿದ್ದಾಗ ರಕ್ತವೆಲ್ಲ ಕೆಳಗಿನ ಪಾತ್ರೆಗೆ ಬಿದ್ದು ನಿಖರವಾಗಿ ಅಳತೆಗೆ ಸಿಗುವುದೂ ಈ ಹೆಚ್ಚಳಕ್ಕೆ ಒಂದು ಕಾರಣವಿರಬಹುದು. ಆದರೂ ಭಾರತದ ಬಸುರಿಯರಲ್ಲಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇದೆ ಎಂದು ಅದೇ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಾಗ ಇದನ್ನು ಹಗುರವಾಗಿ ಕಾಣುವುದು ತಪ್ಪು. ರಕ್ತ ಕಡಿಮೆ ಇರುವವರು ಕುಕ್ಕರಗಾಲು ಅಥವಾ ಹೆರಿಗೆಯ ಮಣೆಗಿಂತ ಮಗ್ಗುಲ ಭಂಗಿಯನ್ನು ಆರಿಸುವುದು ನನ್ನ ದೃಷ್ಟಿಯಲ್ಲಿ ಜಾಣತನ, ಮತ್ತು ಮಗು ಹುಟ್ಟಿದ ಕೂಡಲೇ ಮಲಗಿ, ಗರ್ಭಕೋಶ ಬಿಗಿಯುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಪ್ಪದೆ ಪಡೆಯಬೇಕು.

ಇನ್ನು ಒಂದೊಂದೇ ಭಂಗಿ.

ಮಗ್ಗುಲ ಭಂಗಿ. ಎಡಮಗ್ಗುಲಾಗಿ ಮಲಗಿ, ಮೇಲಿನ ಕಾಲನ್ನು ಮಡಚಿ ಜೊತೆಗಾತಿಯ ಕೈಯಲ್ಲಿ ಅಥವಾ ದಿಂಬುಗಳ ಮೇಲೆ ಇರಿಸುವುದು. ಬೆನ್ನುಬುಡದ ಮೂಳೆ ಬಿಡುವಾಗಿರುತ್ತದೆ, ರಕ್ತನಾಳಗಳ ಮೇಲೆ ಭಾರ ಬೀಳುವುದಿಲ್ಲ, ತಲೆ ನಿಧಾನವಾಗಿ ಬರುತ್ತದೆ, ಹೆರಿಗೆ ಮಾಡಿಸುವವರಿಗೂ ಎಲ್ಲ ಚೆನ್ನಾಗಿ ಕಾಣುತ್ತದೆ. 2008ರಿಂದ 2014ರವರೆಗೆ ಸ್ವೀಡನ್ನಿನ ಸ್ಟಾಕ್‌ಹೋಮ್ ಪ್ರಾಂತ್ಯದಲ್ಲಿ ಆದ 1,13,000ಕ್ಕೂ ಹೆಚ್ಚು ಸಹಜ ಹೆರಿಗೆಗಳನ್ನು ಪರಿಶೀಲಿಸಿದಾಗ, ಕೂತು ಹೆತ್ತವರಿಗೆ ಹೋಲಿಸಿದರೆ, ಮಗ್ಗುಲಾಗಿ ಹೆತ್ತ ಚೊಚ್ಚಲ ತಾಯಂದಿರಲ್ಲಿ ಗುದದ್ವಾರದ ಬಿಗಿಸ್ನಾಯುವಿನ ಗಾಯ ಸ್ವಲ್ಪ ಕಡಿಮೆ ಇತ್ತು. ಲಿಥಾಟಮಿಯಲ್ಲಿ ಹೆತ್ತವರಲ್ಲಿ, ಚೊಚ್ಚಲವಿರಲಿ ಅಲ್ಲದಿರಲಿ, ಹೆಚ್ಚು ಇತ್ತು. ಇದು ಪ್ರಯೋಗವಲ್ಲ, ದಾಖಲೆಗಳ ಹೋಲಿಕೆ. ಕಷ್ಟದ ಹೆರಿಗೆಗಳನ್ನೇ ಲಿಥಾಟಮಿಗೆ ತಿರುಗಿಸಿರುವ ಸಾಧ್ಯತೆ ಇರುತ್ತದೆ. ಆದರೂ ನಾನು ಒಂದೇ ಭಂಗಿಯನ್ನು ಹೆಸರಿಸಬೇಕೆಂದರೆ ಇದನ್ನೇ ಹೆಸರಿಸುತ್ತೇನೆ.

ಮಂಡಿ-ಅಂಗೈ ಊರಿದ ಭಂಗಿ. ಬೆನ್ನುನೋವಿನವರಿಗೆ, ದೊಡ್ಡ ಮಗುವಿರುವವರಿಗೆ ಒಳ್ಳೆಯದು. ಮಂಡಿಯಡಿ ದಪ್ಪ ಹಾಸು ಇರಲಿ, ತಲೆ-ತೋಳುಗಳನ್ನು ದಿಂಬುಗಳ ರಾಶಿಗೆ ಒರಗಿಸಿ. ಮಂಡಿಯೂರಿ ಬಗ್ಗಿದಾಗ ಸೊಂಟದ ಮೂಳೆಗೂಡಿನ ನಡುಭಾಗ ಮತ್ತು ಹೊರದಾರಿ ಹಿಗ್ಗುತ್ತವೆ ಎಂದು ಎಂಆರ್‌ಐ ಚಿತ್ರಗಳಲ್ಲಿ ಅಳೆದು ನೋಡಲಾಗಿದೆ.

ಕುಕ್ಕರಗಾಲು ಮತ್ತು ಹೆರಿಗೆಯ ಮಣೆ. ಮಗು ಇಳಿಯದೆ ನಿಂತಾಗ ಕೆಲವು ನೋವುಗಳ ಮಟ್ಟಿಗೆ ಇವು ಬಹಳ ನೆರವಾಗುತ್ತವೆ. ಆದರೆ ಬಹಳ ಹೊತ್ತು ಹಾಗೆ ಕೂತರೆ ಯೋನಿದ್ವಾರದ ಸುತ್ತ ಬಾವು ಬರುತ್ತದೆ, ಮೊಣಕಾಲಿನ ಹೊರಪಕ್ಕದ ನರ ಒತ್ತಿಹೋಗುತ್ತದೆ. ಮೇಲೆ ಹೇಳಿದ ಸ್ವೀಡನ್ನಿನ ದಾಖಲೆಗಳಲ್ಲಿ, ಮೊದಲೇ ಹೆತ್ತಿದ್ದವರಲ್ಲಿ ಈ ಎರಡು ಭಂಗಿಗಳಿಗೂ ಬಿಗಿಸ್ನಾಯುವಿನ ಗಾಯದ ಸಂಭವ ಹೆಚ್ಚಿತ್ತು. ಎರಡನೇ, ಮೂರನೇ ಹೆರಿಗೆಯಲ್ಲಿ ಮಗು ರಭಸದಿಂದ ಬರುವುದು ಇದಕ್ಕೆ ಕಾರಣವಿರಬಹುದು. ಆದ್ದರಿಂದ ಮಗುವನ್ನು ಕೆಳಗಿಳಿಸಲು ಕುಕ್ಕರಗಾಲು ಬಳಸಿ, ತಲೆ ಕಾಣಿಸಿಕೊಂಡ ಮೇಲೆ ಮಗ್ಗುಲಿಗೆ ತಿರುಗುವುದು ಎರಡರ ಒಳಿತನ್ನೂ ಕೊಡುತ್ತದೆ.

ಅಂಗಾತ ಮಲಗಲೇಬೇಕಾದಾಗ. ತಲೆಯ ಕಡೆ ಮೇಜನ್ನು ಎತ್ತರಿಸಿ, ಬಲಸೊಂಟದಡಿ ಮಡಚಿದ ಬಟ್ಟೆ ಇಟ್ಟು ಎಡಕ್ಕೆ ಸ್ವಲ್ಪ ವಾಲಿಸಲು ಕೇಳಿ. ಕಾಲುಗಳನ್ನು ಎರಡು ಕಡೆಯಿಂದ ಇಬ್ಬರು ಹಿಡಿದು ಅಗಲಿಸಿ ಎಳೆಯಲು ಬಿಡಬೇಡಿ. ನೋವು ಬಿಟ್ಟ ಪ್ರತಿ ಸಲವೂ ಕಾಲುಗಳನ್ನು ಆಸರೆಯಿಂದ ಇಳಿಸಿ ಚಾಚಬೇಕು. ನರಗಳನ್ನು ಉಳಿಸುವ ಅತಿ ಸರಳ ಕ್ರಮ ಇದು, ಜೊತೆಗಾತಿ ನೆನಪಿಟ್ಟು ಮಾಡಿಸಬೇಕಾದದ್ದು.

ಯಾವ ಭಂಗಿಯಲ್ಲೇ ಆಗಲಿ, ಒತ್ತು ಬಂದಾಗ ಮಾತ್ರ ಮುಕ್ಕಿ. ಉಸಿರು ಬಿಗಿಹಿಡಿದು ಎಣಿಸುತ್ತಾ ಮುಕ್ಕಿಸುವುದಕ್ಕಿಂತ ತನಗೆ ಒತ್ತು ಬಂದಂತೆ ಮುಕ್ಕುವುದನ್ನೇ ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡುತ್ತದೆ. ಚೊಚ್ಚಲಿಗೆ ಈ ಹಂತ ಮೂರು ಗಂಟೆಯವರೆಗೂ ಹಿಡಿಯಬಹುದು. ಮೇಲಿಂದ ಮೊಣಕೈಯಿಂದಲೋ ಅಂಗೈಯಿಂದಲೋ ಹೊಟ್ಟೆಯನ್ನು ಅದುಮಿ ಮಗುವನ್ನು ತಳ್ಳುವ ರೂಢಿಯನ್ನು ಅದೇ ಸಂಸ್ಥೆ ಬೇಡವೆನ್ನುತ್ತದೆ. ಇದು ನಮ್ಮಲ್ಲಿ ಇನ್ನೂ ಉಳಿದಿರುವುದು ದುಃಖದ ಸಂಗತಿ. “ದಯವಿಟ್ಟು ಹೊಟ್ಟೆ ಒತ್ತಬೇಡಿ, ನಾನು ಮಗ್ಗುಲು ಬದಲಿಸಿ ಮುಕ್ಕುತ್ತೇನೆ” ಎಂದು ಹೇಳುವ ಹಕ್ಕು ನಿಮಗಿದೆ. ನಿಮಗೆ ದನಿ ಬಾರದಿದ್ದರೆ ಜೊತೆಗಿರುವವರು ಹೇಳಬೇಕು.

ಆರನೆಯ ಹೆಜ್ಜೆ: ಎಪಿಡ್ಯೂರಲ್ ಪಡೆದಿದ್ದರೆ

ಇಲ್ಲಿ ಮೇಲಿನ ಸಲಹೆ ಸ್ವಲ್ಪ ತಿರುಗುತ್ತದೆ. ಬ್ರಿಟನ್ನಿನ 41 ಆಸ್ಪತ್ರೆಗಳಲ್ಲಿ ಕಡಿಮೆ ಪ್ರಮಾಣದ ಎಪಿಡ್ಯೂರಲ್ ಪಡೆದ 3,000ಕ್ಕೂ ಹೆಚ್ಚು ಚೊಚ್ಚಲ ತಾಯಂದಿರ ಮೇಲೆ ನಡೆದು 2017ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಮಗ್ಗುಲಾಗಿ ಮಲಗಿದ್ದ ಗುಂಪಿನಲ್ಲಿ ಶೇ 41 ಮಂದಿ ಉಪಕರಣವಿಲ್ಲದೆ ಹೆತ್ತರು. ನೆಟ್ಟಗಿದ್ದ ಗುಂಪಿನಲ್ಲಿ ಶೇ 35 ಮಂದಿ. ಎಪಿಡ್ಯೂರಲ್ ಇದ್ದರೆ ಮಗ್ಗುಲೇ ಮೇಲು. ಎಪಿಡ್ಯೂರಲ್‌ನಲ್ಲಿ ನರ ಒತ್ತುತ್ತಿರುವುದು, ಕೀಲು ಎಳೆಯುತ್ತಿರುವುದು ನಿಮಗೆ ತಿಳಿಯುವುದಿಲ್ಲವಾದ್ದರಿಂದ ಅರ್ಧ ಗಂಟೆಗೊಮ್ಮೆ ಮಗ್ಗುಲು ಬದಲಿಸಲು, ಕಾಲುಗಳನ್ನು ಮಿತಿಯಾಗಿ ಅಗಲಿಸಲು ಜೊತೆಗಿರುವವರು ಎಚ್ಚರ ವಹಿಸಬೇಕು.

ಏಳನೆಯ ಹೆಜ್ಜೆ: ತಲೆ ಹೊರಬರುವ ಗಳಿಗೆ

ಹರಿದ ಗಾಯದ ಆಳ ಬಹುಮಟ್ಟಿಗೆ ನಿರ್ಧಾರವಾಗುವುದು ಈ ಕೆಲವು ನಿಮಿಷಗಳಲ್ಲಿ. ಉರಿಯುವಂತೆ, ಸುಡುವಂತೆ ಅನಿಸಿದ ಕೂಡಲೇ ಮುಕ್ಕುವುದನ್ನು ನಿಲ್ಲಿಸಿ, ಬಾಯಿ ತೆರೆದು ಸಣ್ಣ ಸಣ್ಣ ಉಸಿರು ಬಿಡಿ. ಹೆರಿಗೆ ನೋವಿನ ಬಲದಿಂದಲೇ ಮಗುವಿನ ತಲೆ ನಿಧಾನವಾಗಿ ಜಾರಲಿ. ಯೋನಿದ್ವಾರದ ಕೆಳಭಾಗಕ್ಕೆ ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಶುದ್ಧ ಬಟ್ಟೆಯನ್ನು ಒತ್ತಿಹಿಡಿಯುವುದರಿಂದ ಮೂರು ಮತ್ತು ನಾಲ್ಕನೇ ದರ್ಜೆಯ ಗಾಯಗಳು ಕಡಿಮೆಯಾಗುತ್ತವೆ. ಬಿಸಿನೀರು ಮತ್ತು ಬಟ್ಟೆ ಸಿಗದ ಹೆರಿಗೆ ಕೋಣೆ ಇಲ್ಲ, ಕೇಳಬೇಕಷ್ಟೆ. ದಾದಿ ಒಂದು ಕೈಯಿಂದ ಆ ಭಾಗಕ್ಕೆ ಆಸರೆ ಕೊಟ್ಟು ಇನ್ನೊಂದು ಕೈಯಿಂದ ತಲೆಯ ವೇಗವನ್ನು ತಡೆಯುವುದೂ ಕಾಪಾಡುತ್ತದೆ. ಕುಕ್ಕರಗಾಲಿನಲ್ಲಿ ಈ ಆಸರೆ ಕೊಡುವುದು ಕಷ್ಟ, ಮಗ್ಗುಲಲ್ಲಿ ಸುಲಭ.

ಎಂಟನೆಯ ಹೆಜ್ಜೆ: ಭುಜ ಸಿಕ್ಕಿಕೊಂಡರೆ

ತಲೆ ಹೊರಬಂದ ಮೇಲೆ ಮಗುವಿನ ಭುಜ ತಾಯಿಯ ಸೊಂಟದ ಮುಂಭಾಗದ ಮೂಳೆಯ ಹಿಂದೆ ಸಿಕ್ಕಿಕೊಳ್ಳುವುದು ಸುಮಾರು 150–200 ಸಹಜ ಹೆರಿಗೆಗಳಲ್ಲಿ ಒಂದರಲ್ಲಿ ಆಗುತ್ತದೆ. ತಾಯಿಗೆ ಸಕ್ಕರೆ ಕಾಯಿಲೆ ಇದ್ದರೆ, ಮಗು ದೊಡ್ಡದಿದ್ದರೆ ಸಂಭವ ಹೆಚ್ಚು. ಆದರೆ ಇವೇನೂ ಇಲ್ಲದೆಯೂ ಆಗಬಹುದು. ಮಗುವಿನ ತೋಳಿನ ನರಗಳಿಗೆ ಪೆಟ್ಟಾಗುವ ಮುಖ್ಯ ಸಂದರ್ಭ ಇದು.

ಈ ಗಳಿಗೆಯಲ್ಲಿ ನಿಮ್ಮ ಆಯ್ಕೆಯ ಭಂಗಿಯನ್ನು ಬಿಟ್ಟುಕೊಡಬೇಕು, ತಡಮಾಡದೆ. ವೈದ್ಯರು ಮೊದಲು ಮಾಡುವುದು ತಾಯಿಯನ್ನು ಸಮತಟ್ಟಾಗಿ ಅಂಗಾತ ಮಲಗಿಸಿ, ಎರಡೂ ತೊಡೆಗಳನ್ನು ಹೊಟ್ಟೆಯತ್ತ ಪೂರ್ತಿ ಮಡಚಿಸುವುದು. ಮ್ಯಾಕ್‌ರಾಬರ್ಟ್ಸ್ ಕ್ರಮವೆನ್ನುವ ಇದರಿಂದ ಸೊಂಟದ ಮೂಳೆ ತಿರುಗಿ ಭುಜಕ್ಕೆ ದಾರಿ ಬಿಡುತ್ತದೆ, ಮತ್ತು ಅನೇಕ ಬಾರಿ ಇಷ್ಟೇ ಸಾಕಾಗುತ್ತದೆ. ಇದರೊಂದಿಗೆ ಒಬ್ಬರು ಹೊಕ್ಕುಳಿಗಿಂತ ಬಹಳ ಕೆಳಗೆ, ಮುಂದಿನ ಮೂಳೆಯ ಮೇಲ್ಭಾಗದಲ್ಲಿ ಒತ್ತಿ ಭುಜವನ್ನು ಪಕ್ಕಕ್ಕೆ ಸರಿಸುತ್ತಾರೆ. ಇದು ಹೊಟ್ಟೆಯ ಮೇಲ್ಭಾಗವನ್ನು ಅದುಮುವುದಲ್ಲ. ಮೇಲ್ಭಾಗವನ್ನು ಒತ್ತಿದರೆ ಭುಜ ಇನ್ನೂ ಬಿಗಿಯಾಗಿ ಸಿಕ್ಕಿಕೊಳ್ಳುತ್ತದೆ. ಇನ್ನೊಂದು ದಾರಿ ಮಂಡಿ-ಅಂಗೈ ಊರಿಸುವುದು. ಗ್ವಾಟೆಮಾಲದ ಸೂಲಗಿತ್ತಿಯರು ಬಳಸುತ್ತಿದ್ದ ಈ ಕ್ರಮವನ್ನು ಅಮೆರಿಕದ ಸೂಲಗಿತ್ತಿ ಐನಾ ಮೇ ಗ್ಯಾಸ್ಕಿನ್ ವೈದ್ಯಲೋಕಕ್ಕೆ ಪರಿಚಯಿಸಿದರು. ತಾಯಿ ಆ ಕ್ಷಣದಲ್ಲಿ ಮಾಡಬೇಕಾದದ್ದು ಎರಡೇ: ಹೇಳಿದ ಕೂಡಲೇ ತಿರುಗುವುದು, ಹೇಳುವವರೆಗೆ ಮುಕ್ಕದಿರುವುದು.

ಒಂಬತ್ತನೆಯ ಹೆಜ್ಜೆ: ಮಗು ಕೈಗೆ ಬಂದ ಮೇಲೆ

ಹೊಲಿಗೆ ಹಾಕುವ ಮೊದಲು “ಎಷ್ಟನೇ ದರ್ಜೆಯ ಗಾಯ? ಗುದದ್ವಾರದ ಸ್ನಾಯು ನೋಡಿದಿರಾ?” ಎಂದು ಕೇಳಿ. ಮೂರನೇ ಮತ್ತು ನಾಲ್ಕನೇ ದರ್ಜೆಯ ಗಾಯವನ್ನು ಪೂರ್ಣ ಅರಿವಳಿಕೆ ಕೊಟ್ಟು, ಒಳ್ಳೆಯ ಬೆಳಕಿನಲ್ಲಿ, ಅನುಭವವಿರುವವರೇ ಹೊಲಿಯಬೇಕು.

ಮನೆಗೆ ಬಂದ ಮೇಲೆ ಬಾಣಂತಿಗೆ ನೀರು ಕೊಡಬಾರದು, ಸೊಪ್ಪು ತರಕಾರಿ ಕೊಡಬಾರದು ಎಂಬ ಕಟ್ಟುಪಾಡು ಇನ್ನೂ ಎಷ್ಟೋ ಮನೆಗಳಲ್ಲಿದೆ. ಹೊಲಿಗೆ ಇರುವವಳಿಗೆ ಇದು ನೇರ ಹಾನಿ. ನೀರು ಸಾಲದೆ ಮಲ ಗಟ್ಟಿಯಾದರೆ ತಿಣುಕಬೇಕಾಗುತ್ತದೆ, ಹೊಲಿಗೆ ಬಿಡುತ್ತದೆ. ಹಿರಿಯರಿಗೆ ಗೌರವದಿಂದಲೇ ಇದನ್ನು ತಿಳಿಸಿ, ಬಿಸಿನೀರನ್ನಾದರೂ ಹೊಟ್ಟೆ ತುಂಬ ಕುಡಿಯಲು ಕೊಡಿ. ಮಲ ಮೆದುಗೊಳಿಸುವ ಔಷಧವನ್ನು ವೈದ್ಯರು ಹೇಳಿದಷ್ಟು ದಿನ ತಪ್ಪಿಸಬೇಡಿ. ಜ್ವರ, ವಾಸನೆಯ ಸ್ರಾವ, ಹೆಚ್ಚುತ್ತಿರುವ ನೋವು, ಗಾಳಿ ಅಥವಾ ಮಲ ತಡೆಯಲಾಗದಿರುವುದು, ಪಾದ ಎತ್ತಲಾಗದಿರುವುದು ಇವುಗಳಲ್ಲಿ ಯಾವುದೇ ಇದ್ದರೂ ಬಾಣಂತನ ಮುಗಿಯಲಿ ಎಂದು ಕಾಯದೆ ಆಸ್ಪತ್ರೆಗೆ ಹೋಗಿ. ನರದ ತೊಂದರೆಗಳು ಹೆಚ್ಚಾಗಿ ಕೆಲವು ವಾರ ಅಥವಾ ತಿಂಗಳುಗಳಲ್ಲಿ ತಾವಾಗಿ ಗುಣವಾಗುತ್ತವೆ, ಬಿಗಿಸ್ನಾಯುವಿನ ದೌರ್ಬಲ್ಯಕ್ಕೂ ವ್ಯಾಯಾಮ ಮತ್ತು ಚಿಕಿತ್ಸೆ ಇವೆ.

ಕೂಸಿನ ಎರಡೂ ಕೈಗಳು ಒಂದೇ ಸಮ ಆಡುತ್ತವೆಯೇ ಎಂದು ಸ್ನಾನ ಮಾಡಿಸುವಾಗ ನೋಡಿ. ಒಂದು ತೋಳು ಜೋತುಬಿದ್ದು, ಅಂಗೈ ಹಿಂದಕ್ಕೆ ತಿರುಗಿಕೊಂಡಿದ್ದರೆ, ಮುಟ್ಟಿದರೆ ಮಗು ಚೀರಿದರೆ ಎಣ್ಣೆ ಹಚ್ಚಿ ತಿಕ್ಕಿ ಎಳೆಯಬೇಡಿ. ಮಕ್ಕಳ ವೈದ್ಯರಿಗೆ ತೋರಿಸಿ. ಇಂಥ ನರದ ಪೆಟ್ಟು ಬಹುತೇಕ ಮಕ್ಕಳಲ್ಲಿ ಫಿಸಿಯೋಥೆರಪಿಯಿಂದ ಗುಣವಾಗುತ್ತದೆ. ಮೂರು ತಿಂಗಳಾದರೂ ಮೊಣಕೈ ಮಡಚುವ ಶಕ್ತಿ ಬಾರದಿದ್ದರೆ ನರದ ಶಸ್ತ್ರಚಿಕಿತ್ಸೆಯ ತಜ್ಞರನ್ನು ಕಾಣಬೇಕು, ಏಕೆಂದರೆ ಆ ಚಿಕಿತ್ಸೆಗೆ ಕಾಲಮಿತಿ ಇದೆ.

ಡಿಸ್ಚಾರ್ಜ್ ಚೀಟಿಯಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳದೆ ಆಸ್ಪತ್ರೆ ಬಿಡಬೇಡಿ: ಗಾಯದ ದರ್ಜೆ, ಉಪಕರಣ ಬಳಸಿದ್ದರೆ ಯಾವುದು ಮತ್ತು ಏಕೆ, ಭುಜ ಸಿಕ್ಕಿಕೊಂಡಿತ್ತೇ, ಎಷ್ಟು ರಕ್ತ ಹೋಯಿತು. ಭುಜ ಒಮ್ಮೆ ಸಿಕ್ಕಿಕೊಂಡವರಲ್ಲಿ ಮತ್ತೆ ಹಾಗಾಗುವ ಸಂಭವ ಹೆಚ್ಚು. ಬಿಗಿಸ್ನಾಯು ಒಮ್ಮೆ ಹರಿದವರಿಗೆ ಮುಂದಿನ ಸಲ ಸಹಜ ಹೆರಿಗೆಯೋ ಸಿಸೇರಿಯನ್ನೋ ಎಂಬುದನ್ನು ಪರೀಕ್ಷೆ ಮಾಡಿ ತೀರ್ಮಾನಿಸಬೇಕಾಗುತ್ತದೆ. ಮುಂದಿನ ಬಸಿರಿನಲ್ಲಿ ಊರು ಬದಲಾಗಿ, ವೈದ್ಯರು ಬದಲಾಗಿ, ನೆನಪು ಮಸುಕಾಗಿ ಹೋಗಿದ್ದರೂ ಆ ಚೀಟಿಯನ್ನು ನೋಡಿಯೇ ಹೊಸ ವೈದ್ಯರು ನಿಮ್ಮೊಂದಿಗೆ ಭಂಗಿಯ ಮಾತು ಆರಂಭಿಸಬಲ್ಲರು.